ಹಿಡಿ ಅಕ್ಕಿಯ ಆಯಿ

ಆಯಿಯ ಬಲಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಎಳವೆಯಲ್ಲಿ ಕುದಿಯುವ ಅಂಬಲಿಯ ಗಡಿಗೆಯೊಳಗೆ ಕೈ ಹಾಕಿಬಿಟ್ಟಿದ್ದಳಂತೆ. ಸುಟ್ಟ ಚರ್ಮ ಬಿಗಿದುಕೊಂಡು ಬೆರಳುಗಳು ಅಂಗೈಯತ್ತ ಬಾಗಿ ಹಾಗೆಯೇ ನಿಂತುಬಿಟ್ಟಿದ್ದವು. ಹೀಗಾಗಿ ಅವಳು ನಡೆಯುತ್ತಿರಲಿ, ಪ್ರಾರ್ಥನೆಗೆ ಕೂತಿರಲಿ, ಸಿಟಿ ಬಸ್ಸಿನಲ್ಲಿ ತೂಕಡಿಸುತ್ತಿರಲಿ, ಆ ಕೈಯಲ್ಲಿ ಏನನ್ನೋ ಮುಚ್ಚಿಟ್ಟುಕೊಂಡಂತೆ ಕಾಣುತ್ತಿತ್ತು. ಶನಿವಾರ ಸಂಜೆ ಆ ಕೈ ಮಣಿಕಟ್ಟಿನ ತನಕ ಬೆಳ್ಳಗಾಗಿರುತ್ತಿತ್ತು. ಅಕ್ಕಿಯ ಧೂಳು. ನಮ್ಮ ಓಣಿಯ ಮಂದ ದೀಪದ ಕೆಳಗೆ ಅವಳು ಬರುವಾಗ ಅವಳ ಕಪ್ಪು ಸೀರೆ, ಕಪ್ಪು ಮೈ ಎಲ್ಲ ಮಬ್ಬಿನಲ್ಲಿ ಕರಗಿಹೋಗಿ ಆ ಬಿಳಿಯ ಮುಷ್ಟಿಯೊಂದೇ ತೇಲಿಕೊಂಡು ಬಂದಂತೆ ತೋರುತ್ತಿತ್ತು. ಚಿಕ್ಕವಳಿದ್ದಾಗ ಅದನ್ನು ಕಂಡು ನಾನು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದುಂಟು.

ನಮ್ಮದು ಹೈದರಾಬಾದಿನ ಸನತ್‌ನಗರ. ಅಪ್ಪ ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕಾರ್ಖಾನೆಗಳ ಹಿಂದಿನ ಓಣಿಗಳಲ್ಲಿ ರಾಯಚೂರು ಕಡೆಯಿಂದ ಬಂದು ನೆಲೆನಿಂತ ನಮ್ಮಂಥ ಕನ್ನಡದ ಕ್ರೈಸ್ತರ ಮನೆಗಳು ಅಲ್ಲೊಂದು ಇಲ್ಲೊಂದು. ನಮಗೆ ಸ್ವಂತ ಚರ್ಚು ಇರಲಿಲ್ಲ, ಈಗಲೂ ಇಲ್ಲ. ತೆಲುಗು ಸಭೆಯವರು ದೊಡ್ಡ ಮನಸ್ಸು ಮಾಡಿ, ತಮ್ಮ ಆರಾಧನೆ ಮುಗಿದ ಮೇಲೆ ಕಟ್ಟಡವನ್ನು ನಮಗೆ ಬಿಟ್ಟುಕೊಡುತ್ತಾರೆ. ಅವರು ಮನೆಗೆ ಹೋಗಿ ಬಿರಿಯಾನಿಗೆ ಕೂರುವ ಹೊತ್ತಿಗೆ ನಮ್ಮ ಮೊದಲ ಗೀತೆ. ಹಸಿದ ಹೊಟ್ಟೆಯಲ್ಲಿ ಪಾಸ್ಟರ ಪ್ರಸಂಗ ಕೇಳಿದರೆ ದಾನದ ಬುದ್ಧಿ ತಾನಾಗಿ ಬರುತ್ತದೆ ಎಂದು ಅಪ್ಪ ನಗುತ್ತಿದ್ದ.

ದಾನವೆಂದರೆ ನಮ್ಮಲ್ಲಿ ಹಿಡಿ ಅಕ್ಕಿ. ಅಡುಗೆಗೆ ನಿಂತವಳು ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಊರಲ್ಲಿದ್ದಾಗ ಜೋಳ ಹಾಕುತ್ತಿದ್ದರು, ಶಹರಕ್ಕೆ ಬಂದ ಮೇಲೆ ಅದು ಅಕ್ಕಿಯಾಯಿತು. ಶನಿವಾರ ಆಯಿ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಬಂದು ಡಬ್ಬಿಗಳನ್ನು ಬರಿದು ಮಾಡಿಕೊಂಡು ಹೋಗುತ್ತಿದ್ದಳು. ಭಾನುವಾರ ಆ ಅಕ್ಕಿ ಚರ್ಚಿನೊಳಗೆ ದೊಡ್ಡ ಹಿತ್ತಾಳೆ ಪಾತ್ರೆಗೆ ಬೀಳುತ್ತಿತ್ತು. ರೇಷನ್ ಅಕ್ಕಿ, ಸೋನಾ ಮಸೂರಿ, ನುಚ್ಚು, ಎಲ್ಲ ಒಂದರೊಳಗೊಂದು. ಪ್ರಾರ್ಥನೆಯಾದ ಮೇಲೆ ಅದು ಆ ವಾರ ಒಲೆ ಹತ್ತದ ಮನೆಗಳಿಗೆ ಹೋಗುತ್ತಿತ್ತು: ಕಾಚಿಗೂಡದಲ್ಲಿ ರೈಲಿಳಿದು ಗಾರೆ, ಗೌಂಡಿ ಕೆಲಸ ಹುಡುಕಿಕೊಂಡು ಬಂದವರಿಗೆ, ಗಂಡ ಬಿಟ್ಟವರಿಗೆ, ಕೆಲಸದಲ್ಲಿ ಬಿದ್ದು ಕಾಲು ಮುರಿದುಕೊಂಡವರಿಗೆ. ಯಾವ ಜಾತಿ, ಯಾವ ದೇವರು ಎಂದು ಆಯಿ ಕೇಳಿದ್ದನ್ನು ನಾನು ಕಂಡಿಲ್ಲ. ತಾನು ಮಾತ್ರ ಆ ಚೀಲದ ಒಂದು ಕಾಳನ್ನೂ ಬಾಯಿಗೆ ಹಾಕಿದವಳಲ್ಲ. ಚರ್ಚಿನ ಹಿಂದೆ ಒಂದು ಕೋಣೆಯಲ್ಲಿದ್ದು, ಕಸ ಗುಡಿಸಿ ಬೆಂಚು ಒರೆಸಿ, ತನ್ನ ದುಡಿಮೆಯ ರೊಟ್ಟಿಯನ್ನೇ ತಿನ್ನುತ್ತಿದ್ದಳು.

ಹಿಡಿ ಹಾಕುವುದಕ್ಕೆ ಅವಳದೇ ಕಟ್ಟಳೆಯಿತ್ತು. ಹಾಕಿ ಮುಚ್ಚಳ ಹಾಕಬೇಕು, ಒಳಗೆ ಎಷ್ಟಾಯಿತೆಂದು ನೋಡಬಾರದು. "ಹಣಕಿ ನೋಡಬ್ಯಾಡ್ರವಾ," ಎನ್ನುತ್ತಿದ್ದಳು, "ನೋಡಿದ್ರ ಅದು ಹೊಳ್ಳಿ ನಿಮ್ದ ಆಗತೈತಿ." ಹಾಗಾಗಿ ನಮ್ಮ ಮನೆಗಳಲ್ಲಿ ಆ ಡಬ್ಬಿಯ ಒಳಗನ್ನು ಯಾರೂ ಕಂಡಿರಲಿಲ್ಲ. ಅಡುಗೆಮನೆಯಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದ, ಯಾರೂ ಕಣ್ಣು ಹಾಯಿಸದ ವಸ್ತು ಅದೊಂದೇ. ಇದು ಎಂಥ ಅನಾಹುತಕ್ಕೆ ದಾರಿಯಾಗಬಹುದೆಂದು ನಮಗಾರಿಗೂ ಹೊಳೆದಿರಲಿಲ್ಲ.

ಅವಳು ಬಾಗಿಲು ಬಡಿಯುತ್ತಿರಲಿಲ್ಲ. ಬಂದು ಹೊಸ್ತಿಲಾಚೆ ಸುಮ್ಮನೆ ನಿಲ್ಲುತ್ತಿದ್ದಳು. ಒಳಗಿದ್ದವರಿಗೆ ಯಾಕೋ ಬೆನ್ನು ತಣ್ಣಗಾದಂತಾಗಿ ತಿರುಗಿದರೆ ಆಯಿ. ಒಳಗೆ ಬಂದು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಮುದುಡಿದ ಕೈಯನ್ನು ಅಕ್ಕಿಯೊಳಗೆ ಇಳಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ನಾಡಿ ಹಿಡಿದ ವೈದ್ಯರ ಹಾಗೆ. ಆ ಹೊತ್ತಿನಲ್ಲಿ ಮನೆಯವರು ಮಾತು ನಿಲ್ಲಿಸುತ್ತಿದ್ದರು, ಟಿವಿಯ ದನಿಯನ್ನೂ ತಗ್ಗಿಸುತ್ತಿದ್ದರು. ಬಹಳ ಸಲ ಅವಳು ಏನೂ ಹೇಳುತ್ತಿರಲಿಲ್ಲ. ಹೇಳಿದ ದಿನ ಮಾತ್ರ ಆ ಮನೆಯವರಿಗೆ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಮ್ಮೆ ಹೀಗಾಯಿತು. ತುಂಬಿದ ಮನೆ, ಗಂಡುಮಕ್ಕಳೆಲ್ಲ ದುಡಿಯುವವರು. ನಾನೂ ಅವ್ವನೂ ಅಲ್ಲೇ ಕೂತಿದ್ದೆವು. ಆಯಿ ಡಬ್ಬಿಯೊಳಗೆ ಕೈಯಿಟ್ಟು, ಕಣ್ಣು ತೆರೆಯದೆ, "ಈ ಮನ್ಯಾಗ ಯಾರೋ ಉಣ್ಣಾಕತ್ತಿಲ್ಲ," ಎಂದಳು.

ಆ ಮನೆಯ ಯಜಮಾನತಿ ನಕ್ಕುಬಿಟ್ಟಳು. "ಹೋಗ್ರಿ ಆಯಿ. ನಮ್ಮ ಮನ್ಯಾಗ ರೊಟ್ಟಿ ಬಡದು ಬಡದು ಸೊಸಿ ರಟ್ಟಿ ಬಿದ್ದಾವ."

"ಒಳಗ ನೋಡವಾ," ಎಂದಷ್ಟೇ ಹೇಳಿ ಆಯಿ ಎದ್ದಳು. ಒಳಕೋಣೆಯಲ್ಲಿ ಮಲಗಿದಲ್ಲೇ ಇದ್ದ ಮುದಿ ಮಾವನ ಹಾಸಿಗೆ ಎತ್ತಿ ನೋಡಿದರೆ ಒಣಗಿ ಹಪ್ಪಳವಾದ ರೊಟ್ಟಿಗಳು ಸಾಲಾಗಿ ಇದ್ದವು. ಯಾರಿಗೂ ಹೊರೆಯಾಗಬಾರದೆಂದು ಮುದುಕ ತಾನೇ ಅನ್ನ ಬಿಟ್ಟಿದ್ದ. ಎಷ್ಟು ಬೇಡಿಕೊಂಡರೂ ಮತ್ತೆ ತಿನ್ನಲಿಲ್ಲ, ಬೇಗನೆ ತೀರಿಕೊಂಡ. ಅಂದಿನಿಂದ ಓಣಿಯವರಿಗೆ ಆಯಿಯ ಮೇಲೆ ಭಕ್ತಿಯೂ ಹೆಚ್ಚಿತು, ಭಯವೂ ಹೆಚ್ಚಿತು.

ನನಗೆ ಎರಡೂ ಹಿಡಿಸುತ್ತಿರಲಿಲ್ಲ. ನಾನು ವಿಜ್ಞಾನ ಓದಿ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದವಳು. ಕಂಪನಿ ಬಸ್ಸಿನಲ್ಲಿ ಹೋಗಿ, ದಿನವಿಡೀ ಗಾಜಿನ ನಳಿಕೆ ನೋಡಿ ಬರುವವಳಿಗೆ ಅಕ್ಕಿ ಡಬ್ಬಿ ಮಾತಾಡುತ್ತದೆ ಎಂದರೆ ಹೇಗೆ? ಮನೆಮನೆ ತಿರುಗುವ ಮುದುಕಿ, ಯಾರ ಮನೆಯಲ್ಲಿ ಯಾವ ತಟ್ಟೆ ಒಣಗಿದೆ ಎಂದು ನೋಡಿಕೊಂಡಿರುತ್ತಾಳೆ, ಅಷ್ಟೇ, ಎಂದು ನಾನು ಅವ್ವನಿಗೆ ವಾದ ಮಾಡಿ ಹೇಳುತ್ತಿದ್ದೆ. ಅವ್ವ, "ಆಗಲಿ ತಗಿ, ನೀ ಶ್ಯಾಣ್ಯಾಕಿ," ಎನ್ನುತ್ತಿದ್ದಳು.

ಅವ್ವ ಎಡಚಿ. ಹಿಡಿ ಹಾಕುವುದೂ ಎಡಗೈಯಿಂದಲೇ. ಹಾಕಿದ ಮೇಲೆ ಮುಚ್ಚಳವನ್ನು ಅಂಗೈಯ ಬುಡದಿಂದ ಒಮ್ಮೆ ಒತ್ತಿ, ಒಂದು ಉಸಿರು ಬಿಟ್ಟು, ಆಮೇಲೆ ಒಲೆ ಹಚ್ಚುತ್ತಿದ್ದಳು. ದೇವರಿಗೆ ಎಡಗೈಯಲ್ಲಿ ಕೊಡುವುದುಂಟೇ ಎಂದು ಚರ್ಚಿನ ಹಿರಿಯ ಹೆಂಗಸರು ಒಮ್ಮೆ ತಕರಾರು ತೆಗೆದಾಗ ಆಯಿಯೇ ಅವರ ಬಾಯಿ ಮುಚ್ಚಿಸಿದ್ದಳು. "ಹಸದಾಂವ ಯಾವ ಕೈಲೆ ಕೊಟ್ರಿ ಅಂತ ಕೇಳ್ತಾನೇನ್ರಿ?" ಎಂದು ಕೇಳಿದ್ದಳು. ಅವ್ವ, ಆಯಿ ಇಬ್ಬರ ನಡುವೆ ಏನೋ ಒಂದು ಸಲಿಗೆಯಿತ್ತು. ಆಯಿ ಬೇರೆ ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ, ನಮ್ಮಲ್ಲಿ ಕುಡಿಯುತ್ತಿದ್ದಳು.

ಹೊಸದಾಗಿ ಬಂದ ಎಳೆಯ ಪಾಸ್ಟರಿಗೆ ಈ ಹಿಡಿ ಅಕ್ಕಿ ಹಳೆಯ ಕಾಲದ್ದು ಎನ್ನಿಸಿ, ಕಾಣಿಕೆಯನ್ನೆಲ್ಲ ಫೋನಿನಲ್ಲೇ ಹಾಕುವ ಏರ್ಪಾಡು ಮಾಡಿದರು. ಬಾಗಿಲ ಬಳಿ ಆ ಕಪ್ಪು ಬಿಳುಪು ಚೌಕಳಿಯ ಹಾಳೆ ಅಂಟಿಸಿದರು. ಆಯಿ ಅದರ ಮೇಲೆ ತನ್ನ ಮುಷ್ಟಿಯನ್ನು ಇಟ್ಟು ಬಹಳ ಹೊತ್ತು ನಿಂತಳು. ಪಾಸ್ಟರ್ ನಗುತ್ತ, "ಏನ್ ಹೇಳ್ತದ ಆಯಿ?" ಎಂದರು. "ಇದರಾಗ ಯಾರೂ ಇಲ್ರಿ," ಎಂದಳು. ಪಾಸ್ಟರ್ ನಗು ನಿಲ್ಲಿಸಿದರು. ಹಾಳೆ ಉಳಿಯಿತು, ಹಿಡಿಯೂ ಉಳಿಯಿತು.

ಕೊರೊನಾದ ಮೊದಲ ವರ್ಷ ಆ ಹಿಡಿಯ ಬೆಲೆ ಎಲ್ಲರಿಗೂ ತಿಳಿಯಿತು. ಕೆಲಸ ನಿಂತು, ರೈಲು ಬಸ್ಸು ನಿಂತು, ಅರ್ಧ ಕಟ್ಟಿದ ಕಟ್ಟಡಗಳಲ್ಲಿ ನಮ್ಮ ಕಡೆಯ ಮಂದಿ ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದರು. ಚರ್ಚಿನ ಬಾಗಿಲು ಮುಚ್ಚಿತ್ತು. ಆಯಿ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು, ಪೊಲೀಸರಿಗೆ ಕೈಮುಗಿದು, ದಿನಾ ಓಣಿ ತಿರುಗಿದಳು. ತೆಲುಗು ಸಭೆಯವರೂ ಕೊಟ್ಟರು, ಹಿಂದಿನ ಬೀದಿಯ ಮುಸ್ಲಿಮರೂ ಕೊಟ್ಟರು. ಅವ್ವ ಅವಳ ಜೊತೆ ಹೋಗಿ ಅಲ್ಲೇ ಮೂರು ಕಲ್ಲು ಹೂಡಿ ಬೇಯಿಸಿ ಬಡಿಸುತ್ತಿದ್ದಳು. ಅಷ್ಟೆಲ್ಲ ತಿರುಗಿಯೂ ಇಬ್ಬರಿಗೂ ಒಂದು ಕೆಮ್ಮು ಬರಲಿಲ್ಲ. ಅವ್ವನನ್ನು ಒಯ್ದದ್ದು ಅದಾದ ಎಷ್ಟೋ ದಿನಕ್ಕೆ, ಕಿಡ್ನಿ.

ಮಣ್ಣು ಮಾಡಿ ಬಂದ ಮೇಲೆ ಅಡುಗೆ ನನ್ನ ಪಾಲಿಗೆ ಬಂತು. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ನಾನು ಮತ್ತು ನಿವೃತ್ತನಾದ ಅಪ್ಪ, ಇಬ್ಬರೇ. ನಾನು ಹಿಡಿ ಹಾಕಲಿಲ್ಲ. ದೇವರ ಮೇಲೆ ಸಿಟ್ಟು ಬಂದಿತ್ತು, ಅದನ್ನು ತೋರಿಸುವುದಕ್ಕೆ ನನಗಿದ್ದದ್ದು ಆ ಒಂದು ಹಿಡಿ ಅಕ್ಕಿ. ಶನಿವಾರ ಆಯಿ ಬಂದು ನಿಂತಾಗ ಕೂತಲ್ಲಿಂದಲೇ ಹೇಳಿದೆ: "ಈ ವಾರ ಏನಿಲ್ಲ ಆಯಿ. ಡಬ್ಬಿ ಖಾಲಿ ಐತಿ."

ಅವಳು ನನ್ನ ಮಾತು ಕೇಳಿಸಿಕೊಳ್ಳದವಳಂತೆ ಒಳಗೆ ಹೋಗಿ ಡಬ್ಬಿ ತಂದು ತೊಡೆಯ ಮೇಲಿಟ್ಟುಕೊಂಡಳು. ಕೈ ಒಳಗಿಳಿಯಿತು. ಅಕ್ಕಿ ಸರಿದ ಸದ್ದು ನನಗೆ ಕೇಳಿಸಿತು. ಅಪ್ಪನೇ ಹಾಕಿರಬೇಕು, ಪಾಪ, ಅವ್ವನ ನೆನಪಿಗೆ ಎಂದುಕೊಂಡೆ. ಅವನನ್ನು ಕೆದಕಿ ಕೇಳಲು ಹೋಗಲಿಲ್ಲ. ವಾರ ವಾರವೂ ಹೀಗೆಯೇ ನಡೆಯಿತು. ಆಯಿ ಬರುವಳು, ಕೈ ಇಳಿಸುವಳು, ಚೀಲಕ್ಕೆ ಸುರಿದುಕೊಂಡು ಹೋಗುವಳು.

ಒಂದು ಶನಿವಾರ ಮಾತ್ರ ಅವಳ ಕೈ ಎಷ್ಟು ಹೊತ್ತಾದರೂ ಡಬ್ಬಿಯಿಂದ ಹೊರಗೆ ಬರಲಿಲ್ಲ. ಅಪ್ಪ ಎದುರಿಗೆ ಚಹಾ ಕುಡಿಯುತ್ತಿದ್ದ. ಆಯಿ ಅವನ ಮುಖ ನೋಡದೆ, "ಇದು ಆಕಿ ಹಿಡಿ," ಎಂದಳು.

"ಯಾರ್ದು?" ಎಂದೆ ನಾನು.

"ನಿಮ್ಮವ್ವಂದು."

ನನಗೆ ಮೈಯೆಲ್ಲ ಉರಿಯಿತು. "ಇಂಥಾ ಮಾತು ನಮ್ಮ ಮನ್ಯಾಗ ಆಡಬ್ಯಾಡ್ರಿ ಆಯಿ," ಎಂದುಬಿಟ್ಟೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಚೀಲ ಹೆಗಲಿಗೇರಿಸಿ ಹೋದಳು. ಅವಳು ಹೋದ ಮೇಲೆ ಅಪ್ಪನ ಕಡೆ ತಿರುಗಿ, "ನೀ ಅಲ್ಲೇನಪ್ಪಾ ಹಾಕೋದು?" ಎಂದೆ. ಅಪ್ಪ ಕಪ್ಪನ್ನು ಕೆಳಗಿಟ್ಟ. "ನಾ ಎಲ್ಲಿ ಹಾಕೀನಿ? ನೀ ಹಾಕ್ತಿ ಅಂದ್ಕೊಂಡಿದ್ದೆ," ಎಂದ.

ಅಂದಿನಿಂದ ಅಪ್ಪ ಬೇರೆ ಮನುಷ್ಯನಾದ. ಮೊದಮೊದಲು ಮುಖದಲ್ಲಿ ಒಂದು ಬೆಳಕು ಬಂತು, ನನಗೂ ಅದು ಒಳ್ಳೆಯದೇ ಎನ್ನಿಸಿತು. ಅಡುಗೆಮನೆಯ ಬಾಗಿಲನ್ನು ಮುಚ್ಚಗೊಡುತ್ತಿರಲಿಲ್ಲ. ದನಿ ತಗ್ಗಿಸಿ ಮಾತಾಡುತ್ತಿದ್ದ. ಬೀದಿಯ ಗೆಳೆಯರು ಕರೆದರೆ, "ಮನ್ಯಾಗ ಅದಾಳ, ಬರಾಕ ಆಗಂಗಿಲ್ಲ," ಎನ್ನುತ್ತಿದ್ದ. ಅವರು ನನ್ನನ್ನೇ ಹೇಳುತ್ತಿದ್ದಾನೆ ಎಂದು ತಿಳಿದಿದ್ದರು. ತಟ್ಟೆ ಮುಂದಿಟ್ಟರೆ, "ಇಡು, ಆಮ್ಯಾಲ ಉಣ್ತೀನಿ," ಎಂದು ಗೋಡೆಗೆ ಒರಗುತ್ತಿದ್ದ. ಆ ಆಮೇಲೆ ಬರುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ಅಂಗಿ ಜೋತುಬಿತ್ತು, ಕೈಗಡಿಯಾರ ಮೊಣಕೈಗೆ ಜಾರತೊಡಗಿತು. ಪಕ್ಕದ ಮನೆಯ ಮುದುಕನ ಹಾಸಿಗೆಯ ಕೆಳಗಿನ ರೊಟ್ಟಿಗಳು ನನ್ನ ಕಣ್ಣಿಗೆ ಕಟ್ಟಿದವು. ಅವ್ವ ಹೋದದ್ದಾಯಿತು, ಈಗ ಅಪ್ಪನೂ ಅವಳ ಬೆನ್ನು ಹತ್ತಿ ಹೊರಟಿದ್ದ. ಅವನನ್ನು ಹೇಗೆ ಹಿಡಿದಿಟ್ಟುಕೊಳ್ಳುವುದೆಂದು ನನಗೆ ತಿಳಿಯಲಿಲ್ಲ.

ಅದೇ ದಿನಗಳಲ್ಲಿ ಒಮ್ಮೆ ರಾತ್ರಿ ಪಾಳಿ ಮುಗಿಸಿ ಬೆಳಕು ಹರಿಯುವ ಮುಂಚೆ ಮನೆಗೆ ಬಂದೆ. ಬಾಗಿಲಿನ ಹತ್ತಿರವೇ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಓಡಿದರೆ ಅಪ್ಪ ಒಲೆಯ ಮುಂದೆ ನಿಂತಿದ್ದ. ಗ್ಯಾಸು ಬಿಟ್ಟಿತ್ತು, ಉರಿ ಇರಲಿಲ್ಲ. ಕೈಯಲ್ಲಿ ಕಡ್ಡಿಪೆಟ್ಟಿಗೆ. ನಾನು ಗುಂಡಿ ತಿರುಗಿಸಿ, ಕಿಟಕಿ ತೆಗೆದು, "ಅಪ್ಪಾ" ಎಂದೆ. ಅವನ ಕಣ್ಣುಗಳು ತೆರೆದಿದ್ದವು, ಆದರೆ ನನ್ನನ್ನು ನೋಡಲಿಲ್ಲ. ಕಡ್ಡಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ಅಕ್ಕಿಯ ಡಬ್ಬದೊಳಗೆ ಕೈಹಾಕಿ ಒಂದು ಹಿಡಿ ತೆಗೆದ. ಎಡಗೈಯಲ್ಲಿ. ಅಪ್ಪ ಜೀವಮಾನವಿಡೀ ಸುತ್ತಿಗೆ, ಸ್ಪ್ಯಾನರು ಹಿಡಿದದ್ದು ಬಲಗೈಯಲ್ಲಿ. ಆ ಹಿಡಿಯನ್ನು ದೇವರ ಡಬ್ಬಿಗೆ ಹಾಕಿ, ಅಂಗೈಯ ಬುಡದಿಂದ ಮುಚ್ಚಳ ಒತ್ತಿ, ಒಂದು ಉಸಿರು ಬಿಟ್ಟು, ಹೋಗಿ ಹಾಸಿಗೆಯಲ್ಲಿ ಮಲಗಿದ. ನಾನು ಕಂಪನಿಯ ಕೋಟಿನಲ್ಲೇ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತೆ.

ಡಾಕ್ಟರು, ದುಃಖದಲ್ಲಿ ಕೆಲವರು ನಿದ್ದೆಯಲ್ಲಿ ಎದ್ದು ಓಡಾಡುತ್ತಾರೆ ಎಂದು ಮಾತ್ರೆ ಬರೆದುಕೊಟ್ಟರು. ಅದು ನಿಜವಿದ್ದೀತು, ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಮಾತ್ರೆಯಿಂದ ಅಪ್ಪನ ಗೊರಕೆ ಹೆಚ್ಚಿತು, ಹಿಡಿ ನಿಲ್ಲಲಿಲ್ಲ. ಸಿಲಿಂಡರ್ ಮುಚ್ಚಿಟ್ಟೆ, ಕಡ್ಡಿಪೆಟ್ಟಿಗೆ ಅಡಗಿಸಿದೆ, ಹಗಲು ಪಾಳಿ ಕೇಳಿ ಹಾಕಿಸಿಕೊಂಡೆ. ಅಪ್ಪ ಮಾತ್ರ ದಿನದಿನಕ್ಕೆ ಸವೆಯುತ್ತಲೇ ಇದ್ದ. ಪಾಸ್ಟರ್ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಸತ್ತವರ ವಿಷಯದಲ್ಲಿ ಆಯಿಯ ಮಾತು ವಿಶ್ವಾಸಿಗಳಿಗೆ ತಕ್ಕದ್ದಲ್ಲ ಎಂದು ನನ್ನನ್ನು ಎಚ್ಚರಿಸಿ ಹೋದರು. ಅವರು ಹೋದ ಮೇಲೆ ನಾನು ನೇರ ಆಯಿಯ ಕೋಣೆಗೆ ನಡೆದೆ.

ಅವಳು ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ನನಗೆ ಜಗಳವೇ ಬೇಕಾಗಿತ್ತು. "ಅದು ಅವ್ವನ ಹಿಡಿ ಅಲ್ಲ ಆಯಿ," ಎಂದೆ, "ಅಪ್ಪ ನಿದ್ದಿಗಣ್ಣಾಗ ಎದ್ದು ಹಾಕಾಕತ್ತಾನ. ನನ್ನ ಕಣ್ಣಾರೆ ನೋಡೀನಿ. ನಿಮ್ಮ ಮಾತು ಕೇಳಿ ಅಂವ ಅನ್ನ ಬಿಟ್ಟಾನ."

ಆಯಿ ಒಂದು ಕಲ್ಲನ್ನು ಎತ್ತಿ ಬದಿಗಿಟ್ಟಳು. "ಹಿಡಿ ಯಾರ್ದು ಅಂತ ಹೇಳೀನಿ ಯವ್ವಾ. ಕೈ ಯಾರ್ದು ಅಂತ ಹೇಳೀನೇನು?"

ನಾನು ಅತ್ತುಬಿಟ್ಟೆ. ಅವ್ವನ ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ. "ಅಪ್ಪನೂ ಹೋಗ್ತಾನ ಆಯಿ," ಎಂದೆ. ಅವಳು ಮೊರ ಪಕ್ಕಕ್ಕಿಟ್ಟು, ಆ ಒರಟು ಮುಷ್ಟಿಯಿಂದ ನನ್ನ ಕೆನ್ನೆ ಒರೆಸಿದಳು. ಅದು ತಣ್ಣಗಿತ್ತು. "ನಾಳಿ ನಸುಕಿನ್ಯಾಗ ಬರ್ತೀನಿ. ಬಾಗಲಾ ಹಾಕಬ್ಯಾಡ. ನಿಮ್ಮಪ್ಪಗ ಏನೂ ಹೇಳಬ್ಯಾಡ, ಎಂದೂ ಹೇಳಬ್ಯಾಡ," ಎಂದಳು.

ಅವಳು ಬಂದದ್ದು ನನಗೆ ಗೊತ್ತಾಗಲಿಲ್ಲ. ಅಡುಗೆಮನೆಯಲ್ಲೇ ಕೂತು ತೂಕಡಿಸಿದ್ದ ನಾನು ಕಣ್ಣು ತೆರೆದಾಗ ಎದುರಿನ ಮೂಲೆಯಲ್ಲಿ ಕೂತಿದ್ದಳು. ಕಿಟಕಿಯಲ್ಲಿ ಬೂದು ಬಣ್ಣದ ಬೆಳಕು. ಸ್ವಲ್ಪ ಹೊತ್ತಿಗೆ ಅಪ್ಪ ಎದ್ದು ಬಂದ, ಎಡಗೈಯಲ್ಲಿ ಹಿಡಿ ತುಂಬಿದ. ಡಬ್ಬಿಯನ್ನು ಆಯಿ ಆಗಲೇ ತೆಗೆದು ತನ್ನ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಹಿಡಿ ಹಿಡಿದ ಕೈ ಬರಿಯ ಕಟ್ಟೆಯ ಮೇಲೆ ಅತ್ತಿತ್ತ ತಡಕಾಡಿತು. ನನಗೆ ನೋಡಲಾಗಲಿಲ್ಲ.

"ಬಾ ಮಗಳ," ಎಂದಳು ಆಯಿ. ಅಪ್ಪನಿಗೆ ಅವಳು ಯಾವತ್ತೂ 'ತಮ್ಮಾ' ಎನ್ನುತ್ತಿದ್ದವಳು. "ಯಾಕ ಹೋಗವಲ್ಲಿ?"

ಅಪ್ಪನ ಬಾಯಿಂದ ಮಾತು ಬಂತು. ದನಿ ಅಪ್ಪನದೇ, ಬೀಡಿ ಸೇದಿ ಕರಕಲಾದ ಗಂಡಸಿನ ದನಿ. ಆದರೆ ಅದು ಅಪ್ಪ ಆಡುವ ಮಾತಲ್ಲ.

"ಅವರು ಉಣ್ಣವಲ್ರು ಆಯಿ," ಎಂದ. "ಹೆಂಗ ಹೋಗ್ಲಿ?"

ಕಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆಯಿ ಮಾತ್ರ ಓಣಿಯ ಹೆಂಗಸಿನ ಜೊತೆ ನೀರಿನ ಸರದಿಯ ಮಾತಾಡುವಷ್ಟೇ ಸಹಜವಾಗಿದ್ದಳು. "ಅಂವ ನಿನ್ನ ದಾರಿ ಕಾಯಾಕತ್ತಾನ, ಅದಕ ಉಣ್ಣವಲ್ಲ. ನೀ ಅವನ ಊಟಾ ಕಾಯಾಕತ್ತಿ, ಅದಕ ಹೋಗವಲ್ಲಿ. ಹಿಂಗಾದ್ರ ಇಬ್ರೂ ಕೆಡ್ತೀರಿ. ಆ ಹಿಡಿ ನನಗ ಕೊಡು. ನಾ ಉಣಿಸ್ತೀನಿ."

ಹೊರಗೆ ಯಾರದೋ ಮೋಟರ್ ಪಂಪು ಶುರುವಾಯಿತು. ಅಪ್ಪ ನಿಧಾನವಾಗಿ ಬಗ್ಗಿ, ಆ ಹಿಡಿಯನ್ನು ಆಯಿಯ ಬೊಗಸೆಗೆ ಬಿಟ್ಟ. ಒಂದು ಉಸಿರು ಹೊರಬಿತ್ತು. ಹೋಗಿ ಮಲಗಿದ.

ಆಯಿ ಆ ಅಕ್ಕಿಯನ್ನು ಚೀಲಕ್ಕೆ ಹಾಕಲಿಲ್ಲ. ನಮ್ಮ ಒಲೆಯ ಮೇಲೆಯೇ ಸಣ್ಣ ಪಾತ್ರೆಯಲ್ಲಿ ಬೇಯಿಸಿದಳು. ಗಂಜಿಯ ವಾಸನೆಗೆ ಅಪ್ಪ ಎಚ್ಚೆತ್ತು ಹೊರಗೆ ಬಂದು, "ಏನ್ ಆಯಿ, ಇಷ್ಟ್ ಲಗು?" ಎಂದ. ಅದು ಅಪ್ಪನೇ. "ಹಸಿವಾತು ತಮ್ಮಾ, ಬಾ, ಕೂಡು," ಎಂದು ಅರ್ಧ ಅವನ ತಟ್ಟೆಗೆ ಬಡಿಸಿದಳು, ಉಳಿದರ್ಧ ತಾನು ಹಾಕಿಕೊಂಡಳು. ಹಿಡಿ ಅಕ್ಕಿಯ ಒಂದು ಕಾಳನ್ನೂ ಎಂದೂ ತಿನ್ನದ ಆಯಿ ಅದನ್ನು ಕೊನೆಯ ಅಗುಳಿನ ತನಕ ಉಂಡಳು. ಅವಳು ಉಣ್ಣುವುದನ್ನು ನೋಡುತ್ತ ಅಪ್ಪನೂ ಉಂಡ. ಇನ್ನೂ ಇದೆಯೇ ಎಂದು ಕೇಳಿದ. ನಾನು ಹಿಂದೆ ಮುಂದೆ ನೋಡದೆ ರೊಟ್ಟಿ ಬಡಿಯಲು ಕೂತೆ.

ಬಾಗಿಲ ತನಕ ಕಳಿಸಲು ಹೋದಾಗ ಕೇಳಿದೆ, "ಅದನ್ನ ಚರ್ಚಿಗೆ ಒಯ್ಯಬೇಕಿ‌ತ್ತಲ್ಲ ಆಯಿ, ನೀವ್ಯಾಕ ಉಂಡ್ರಿ?"

"ಈ ಸಲ ಹಿಡಿ ಜೋಡಿ ಆಕೀನೂ ಬಂದಾಳ, ಬ್ಯಾರೆದವ್ರಿಗೆ ಹೆಂಗ ಕೊಡ್ಲಿ ಯವ್ವಾ," ಎಂದಳು. "ಯಾರರೆ ಹೊರಬೇಕಿತ್ತು. ನನಗೇನು, ಗಂಡಿಲ್ಲ ಮಕ್ಕಳಿಲ್ಲ. ಜಾಗಾ ಐತಿ."

ಅಪ್ಪ ಮತ್ತೆ ನಿದ್ದೆಯಲ್ಲಿ ಏಳಲಿಲ್ಲ. ಡಬ್ಬಿ ತುಂಬುವುದು ನಿಂತಿತು. ಒಂದೆರಡು ವಾರ ಬಿಟ್ಟು ನಾನೇ ಹಿಡಿ ಹಾಕತೊಡಗಿದೆ. ಅಪ್ಪನ ಮೈ ಕೈ ತುಂಬಿಕೊಂಡಿತು, ಗೆಳೆಯರ ಜೊತೆ ಕೇರಂ ಆಡಲು ಹೋಗತೊಡಗಿದ. ಇಲ್ಲಿಗೆ ಎಲ್ಲ ಸರಿಹೋಯಿತು ಎನ್ನಬೇಕು.

ಬದಲಾದವಳು ಆಯಿ. ಮೊದಲು ಗಮನಿಸಿದ್ದು ಚಹಾದ ಕಪ್ಪು: ಅದನ್ನು ಎಡಗೈಯಲ್ಲಿ ಹಿಡಿಯುತ್ತಿದ್ದಳು. ವಯಸ್ಸಾಯಿತು, ಸುಟ್ಟ ಕೈಗೆ ಶಕ್ತಿ ಸಾಲದು ಎಂದುಕೊಂಡೆ. ಆಮೇಲೊಂದು ದಿನ ಸಾರಿಗೆ ಹುಣಸೆಹಣ್ಣು ಸಾಲದೆ ನಾನು ಪರದಾಡುತ್ತಿದ್ದಾಗ, ಆಯಿ ಎದ್ದು ಹೋಗಿ ಮೇಲಿನ ಹಲಗೆಯ ಹಿಂಬದಿಗೆ ಕೈ ಹಾಕಿ ಒಂದು ಮಡಕೆ ಇಳಿಸಿದಳು. ಅವ್ವ ಅಲ್ಲಿ ಹುಣಸೆಹಣ್ಣು ಇಟ್ಟದ್ದು ನನಗೇ ಗೊತ್ತಿರಲಿಲ್ಲ. ಆಯಿ ತಾನೇ ಬೆಚ್ಚಿದವಳಂತೆ ಮಡಕೆಯನ್ನು ನೋಡಿ ಕೆಳಗಿಟ್ಟು, ಚಹಾ ಮುಗಿಸದೆ ಹೊರಟುಹೋದಳು. ಆಯಿ ಹೊಸ್ತಿಲಿಗೆ ಬಂದು ನಿಂತಳೆಂದರೆ ಅಪ್ಪ ಬೀಡಿಯನ್ನು ಹಿಂದೆ ಅಡಗಿಸಿ ಆರಿಸುತ್ತಿದ್ದ. ಅಪ್ಪ ಹಾಗೆ ಬೀಡಿ ಅಡಗಿಸುತ್ತಿದ್ದದ್ದು ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ.

ನನಗೆ ಹೆದರಿಕೆಯಾಗುತ್ತಿತ್ತು. ಹಾಗೆಂದು ದೂರ ಇರಲೂ ಆಗುತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಅವಳ ಕೋಣೆಗೆ ಹೋಗಿ ಸುಮ್ಮನೆ ಕೂರುತ್ತಿದ್ದೆ. ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವ್ವನ ವಿಷಯ ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನನ್ನ ಮದುವೆಯಲ್ಲಿ ಅವ್ವನ ಜಾಗದಲ್ಲಿ ಯಾರು ನಿಲ್ಲಬೇಕೆಂಬ ಮಾತು ಬಂದಾಗ ಹಿರಿಯರು ಚಿಕ್ಕಮ್ಮನ ಹೆಸರು ಹೇಳಿದರು. ಅಪ್ಪ, "ಆಯಿ ನಿಲ್ತಾಳ," ಎಂದ. ಆಯಿ ನಿಂತಳು.

ಅವಳು ಹಾಸಿಗೆ ಹಿಡಿದದ್ದು ಕಳೆದ ಮಳೆಗಾಲದ ಕೊನೆಗೆ. ಸಾಮಾನ್ಯ ಜ್ವರ, ಆದರೆ ಇಳಿಯಲಿಲ್ಲ. ಸಭೆಯ ಹೆಂಗಸರು ಸರದಿಯ ಮೇಲೆ ನೋಡಿಕೊಂಡೆವು. ಅವಳು ಹೊತ್ತು ತಂದ ಅಕ್ಕಿಯನ್ನು ಉಂಡ ಗೌಂಡಿ ಕೆಲಸದವರ ಹೆಂಡಂದಿರೂ ಬಂದು ಕಾಲೊತ್ತಿದರು. ಆ ಭಾನುವಾರ ನಾನೂ ಪಾಸ್ಟರ ಹೆಂಡತಿಯೂ ಅವಳ ಹತ್ತಿರ ಇದ್ದೆವು. ಗೋಡೆಯಾಚೆ ಆರಾಧನೆ ನಡೆದಿತ್ತು. ಅಪ್ಪ ಅಲ್ಲಿ ಬೆಂಚಿನ ಮೇಲಿದ್ದ.

ಚಮಚದಲ್ಲಿ ಗಂಜಿ ಕೊಟ್ಟರೆ ತುಟಿಯಂಚಿನಿಂದ ಇಳಿದುಹೋಗುತ್ತಿತ್ತು. ಆಯಿಯ ಉಸಿರು ಹೋಗಲೊಲ್ಲದೆ, ಇರಲೊಲ್ಲದೆ ಎಳೆದಾಡುತ್ತಿತ್ತು. ಬೆಳಗಿನಿಂದ ಹೀಗೆಯೇ. ಒಮ್ಮೆಲೇ ಕಣ್ಣು ತೆರೆದು ನನ್ನನ್ನು ನೋಡಿದಳು.

"ಅವರು ಉಂಡ್ರೇನು?" ಎಂದು ಕೇಳಿದಳು.

ಪಾಸ್ಟರ ಹೆಂಡತಿ ಬಗ್ಗಿ, "ಇಲ್ರಿ ಆಯಿ, ಇನ್ನ ಪ್ರಸಂಗ ಮುಗಿದಿಲ್ಲ," ಎಂದಳು. ಆಯಿ ಅವಳ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅವ್ವ ಆಸ್ಪತ್ರೆಯಲ್ಲಿ ಪರದೆಯ ಹಿಂದೆ, ಯಂತ್ರಗಳ ನಡುವೆ ಹೋದವಳು. ಅವಳಿಗೆ ನಾನು ಏನೂ ಹೇಳಲು ಆಗಿರಲಿಲ್ಲ. ಈಗ ನಾನು ಆಯಿಯ ಕಿವಿಗೆ ಬಾಯಿ ಹಚ್ಚಿದೆ.

"ಉಂಡಾರ ಅವ್ವ," ಎಂದೆ. "ನಾನ ಬಡಿಸಿ ಬಂದೀನಿ. ಎರಡು ರೊಟ್ಟಿ, ಪಲ್ಯ, ಮ್ಯಾಲ ಮಜ್ಜಿಗಿ. ಹೊಟ್ಟಿ ತುಂಬ ಉಂಡಾರ. ಇನ್ನ ಹೋಗ್ರಿ, ಇಬ್ರೂ ಹೋಗ್ರಿ."

ಒಂದು ಉಸಿರು ಹೊರಗೆ ಬಂತು. ಅದರ ಹಿಂದೆ ಇನ್ನೊಂದು ಬಂತು. ಆಮೇಲೆ ಬರಲಿಲ್ಲ.

ಮರುದಿನ ಮಣ್ಣು ಮಾಡಿದೆವು. ಪಾಸ್ಟರ್ ಪ್ರಾರ್ಥನೆ ಹೇಳಿ ಸರಿದು ನಿಂತರು. ಜನ ಸಾಲಾಗಿ ಬಂದು ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿ ಮುಂದೆ ಹೋದರು. ನಾನು ಒಂದು ಹಿಡಿ ಹಾಕಿ, ಮತ್ತೆ ಬಗ್ಗಿ ಇನ್ನೊಂದು ಹಾಕಿದೆ. ನನ್ನ ಹಿಂದೆ ಅಪ್ಪನಿದ್ದ. ಅವನಿಗೆ ನಾನು ಏನನ್ನೂ ಹೇಳಿರಲಿಲ್ಲ, ಆಯಿಯ ಮಾತು ಮೀರಿರಲಿಲ್ಲ. ತಿರುಗಿ ನೋಡಿದೆ. ಅಪ್ಪ ಒಂದು ಹಿಡಿ ಹಾಕಿದ. ಸ್ವಲ್ಪ ಹೊತ್ತು ನಿಂತು, ಬಗ್ಗಿ, ಎರಡನೆಯದನ್ನೂ ಹಾಕಿದ.